ಲ್ಯಾಪ್‌ಟಾಪ್ ಹೊತ್ತು ಪರದೇಶಕ್ಕೆ: ಚಾರ್ಜರ್, ಪಿನ್ನು, ಪ್ಲಗ್ಗುಗಳ ಪೂರ್ತಿ ಲೆಕ್ಕ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ವರ್ಷಕ್ಕೆ ಎರಡು ಸೀಸನ್. ಒಂದು, ಸಿಡಿಲು ಹೊಡೆದು ಸುಟ್ಟ ಮೋಡೆಮ್, ಇನ್ವರ್ಟರ್ ಬೋರ್ಡ್‌ಗಳದ್ದು. ಇನ್ನೊಂದು, ಓದಲಿಕ್ಕೆಂದು ಜರ್ಮನಿ, ಐರ್ಲೆಂಡ್, ಅಮೆರಿಕಕ್ಕೆ ಹೊರಟ ಮಕ್ಕಳದ್ದು. ಎರಡೂ ಮಳೆಗಾಲದಲ್ಲೇ ಬಂದು ಬೀಳುತ್ತವೆ. ಇವರ ನಡುವೆ ವರ್ಷವಿಡೀ ಬರುವವರು ಮಗಳ ಬಾಣಂತನಕ್ಕೆ ಹೊರಟ ಅಪ್ಪ ಅಮ್ಮಂದಿರು. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಕ್ಕೆ ಟೇಪ್ ಸುತ್ತಿ ಆಗಿದೆ, ಕೊನೆಯಲ್ಲಿ ನೆನಪಾಗಿದ್ದು ಕರೆಂಟು. ಬಂದು ನಿಂತವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅಲ್ಲಿ ನೂರಿಪ್ಪತ್ತು ವೋಲ್ಟಂತೆ ಮಾರಾಯ್ರೆ, ಲ್ಯಾಪ್‌ಟಾಪಿಗೆ ಒಂದು ಕನ್ವರ್ಟರ್ ಕೊಡಿ."

ನಾನು ಕೊಡುವುದಿಲ್ಲ. ಲ್ಯಾಪ್‌ಟಾಪಿಗೆ ಅದು ಬೇಡವೇ ಬೇಡ. ವೋಲ್ಟೇಜ್ ಬದಲಾಯಿಸುವ ಕೆಲಸವನ್ನು ನಿಮ್ಮ ಚಾರ್ಜರ್ ಡಬ್ಬಿ ಮೊದಲೇ ಮಾಡುತ್ತಿದೆ. ನಿಮಗೆ ಉಳಿಯುವುದು ಪಿನ್ನಿನ ಆಕಾರದ ತಾಪತ್ರಯ ಮಾತ್ರ. ಅದಕ್ಕೂ ಬಹಳ ಸಲ ಹೊಸ ಸಾಮಾನು ಬೇಡ, ಡಬ್ಬಿಯ ಬಾಲ, ಅಂದರೆ ಗೋಡೆಗೆ ಹೋಗುವ ವೈರ್, ಬದಲಾಯಿಸಿದರೆ ಸಾಕು.

ಡಬ್ಬಿಯ ಮೇಲಿನ ಚೀಟಿ ಓದುವುದು

ಚಾರ್ಜರ್ ತಿರುಗಿಸಿ, ಕೆಳಗಿನ ಸಣ್ಣಕ್ಷರ ನೋಡಿ. ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಆ ಫೋಟೊ ಅಳಿಸಬೇಡಿ, ಪರದೇಶದ ಅಂಗಡಿಯಲ್ಲಿ ಮುಂದೆ ಕೆಲಸಕ್ಕೆ ಬರುತ್ತದೆ.

ಇನ್‌ಪುಟ್ ಎಂಬ ಸಾಲಿನಲ್ಲಿ 100–240 ವೋಲ್ಟ್, 50/60 ಹರ್ಟ್ಜ್ ಎಂದು ಇದ್ದರೆ ನೀವು ಲೋಕ ಸುತ್ತಬಹುದು. ಜಪಾನಿನ ಮನೆಗಳಲ್ಲಿ 100 ವೋಲ್ಟ್, ಅಮೆರಿಕ ಮತ್ತು ಕೆನಡಾದಲ್ಲಿ 120, ಯುರೋಪ್, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನಮ್ಮ ಹಾಗೆಯೇ 230. ಎಲ್ಲವೂ ಆ ಗೆರೆಯೊಳಗೆ ಬಂತು. ಈಗಿನ ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಇದಿಲ್ಲದ್ದು ಸಿಗುವುದೇ ಅಪರೂಪ. ಆದರೂ ಓದಿಯೇ ಹೊರಡಿ. ಅಗ್ಗದ ಡೂಪ್ಲಿಕೇಟ್ ಚಾರ್ಜರ್‌ಗಳಲ್ಲಿ 220 ಎಂದಷ್ಟೇ ಬರೆದದ್ದು ಇರುತ್ತದೆ. ಅಂಥದ್ದನ್ನು ಅಮೆರಿಕಕ್ಕೆ ಒಯ್ಯಬೇಡಿ.

ಇದು ಹೇಗೆ ಸಾಧ್ಯ ಎಂದು ಕೇಳುವವರಿಗೆ ನಾನು ನಮ್ಮೂರಿನದೇ ಸಾಕ್ಷಿ ಕೊಡುತ್ತೇನೆ. ತೀರ್ಥಹಳ್ಳಿ, ಹೊಸನಗರದ ಕಡೆ ಲೈನಿನ ತುದಿಯಲ್ಲಿರುವ ಒಂಟಿ ಮನೆಗಳನ್ನು ನೆನಪಿಸಿಕೊಳ್ಳಿ. ಸಂಜೆ ಏಳಕ್ಕೆ ಬಲ್ಬು ಕೆಂಪಗೆ ಉರಿಯುತ್ತದೆ, ಮಿಕ್ಸಿ ಗೊಣಗುತ್ತದೆ, ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಟಕ್ ಎನ್ನುತ್ತದೆ. ಮೀಟರ್ ಇಟ್ಟರೆ 140, 150 ತೋರಿಸುತ್ತದೆ. ಅದೇ ಹೊತ್ತಿಗೆ ಜಗುಲಿಯಲ್ಲಿ ಕುಳಿತ ಹುಡುಗನ ಲ್ಯಾಪ್‌ಟಾಪ್ ಏನೂ ಆಗದ ಹಾಗೆ ಚಾರ್ಜ್ ಆಗುತ್ತಿರುತ್ತದೆ. ಲೋ ವೋಲ್ಟೇಜ್ ಅದಕ್ಕೆ ತಾಗುವುದೇ ಇಲ್ಲ. ಅಮೆರಿಕದ 120 ಎಂದರೆ ಅದಕ್ಕೆ ಮಲೆನಾಡಿನ ಒಂದು ಸಂಜೆಯಷ್ಟೇ.

ಡಬ್ಬಿಯ ಒಳಗೆ ನಡೆಯುವುದು ಇಷ್ಟು. ಬಂದ ಎಸಿ ಕರೆಂಟನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಬಿಡುತ್ತದೆ. ಆಚೆ ಬದಿಯಲ್ಲಿ 19.5 ಅಥವಾ 20 ವೋಲ್ಟ್ ಸರಿಯಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳುತ್ತಾ, ಕಡಿಯುವ ಲೆಕ್ಕವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಒಳಗೆ ಬರುವ ವೋಲ್ಟೇಜ್ ಇಳಿದರೆ ಕರೆಂಟನ್ನು ಜಾಸ್ತಿ ಎಳೆದುಕೊಳ್ಳುತ್ತದೆ: 65 ವ್ಯಾಟಿನ ಚಾರ್ಜರ್ ನಮ್ಮಲ್ಲಿ ಎಳೆಯುವುದರ ಸುಮಾರು ದುಪ್ಪಟ್ಟು ಆಂಪ್ ಅಮೆರಿಕದಲ್ಲಿ ಎಳೆಯುತ್ತದೆ. ಹೊರಗೆ ಬರುವುದು ಮಾತ್ರ ಅಷ್ಟೇ. ಮೊದಲೇ ಡಿಸಿ ಮಾಡಿಕೊಳ್ಳುವುದರಿಂದ 50 ಹರ್ಟ್ಜೋ 60 ಹರ್ಟ್ಜೋ ಎಂಬುದೂ ಅದಕ್ಕೆ ಲೆಕ್ಕಕ್ಕಿಲ್ಲ. ಜಪಾನಿನಲ್ಲಂತೂ ಒಂದೇ ದೇಶದೊಳಗೆ ಎರಡೂ ಇದೆ. ಟೋಕಿಯೊ ಕಡೆ 50, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬರು ಜರ್ಮನಿಯಿಂದ, ಇನ್ನೊಬ್ಬರು ಅಮೆರಿಕದಿಂದ ಜನರೇಟರ್ ತರಿಸಿಕೊಂಡದ್ದರ ಫಲ, ಇವತ್ತಿಗೂ ಸರಿಹೋಗಿಲ್ಲ.

ಚೀಟಿಯಲ್ಲಿ ಇನ್ನೆರಡು ವಿಷಯ ನೋಡಿ. ಔಟ್‌ಪುಟ್ ಸಾಲಿನ ವ್ಯಾಟ್ ಎಷ್ಟು, ಬರೆದಿಡಿ. ಹಾಗೆಯೇ ಚೌಕದೊಳಗೊಂದು ಚೌಕದ ಗುರುತು ಇದೆಯೇ ಹುಡುಕಿ. ಇದ್ದರೆ ಆ ಡಬ್ಬಿಗೆ ಅರ್ಥಿಂಗ್ ಬೇಕಿಲ್ಲ, ಎರಡು ಪಿನ್ನಿನಲ್ಲೇ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ, ಅದರಲ್ಲೂ ಜೊತೆಗೆ ಬಂದ ಕಾರ್ಡಿನಲ್ಲೇ (ಗೋಡೆಗೆ ಹೋಗುವ ವೈರಿನಲ್ಲೇ) ಮೂರು ಪಿನ್ ಇದ್ದರೆ, ಅರ್ಥಿಂಗ್ ಉಳಿಸಿಕೊಳ್ಳುವ ದಾರಿ ಹುಡುಕಬೇಕು.

ಹೋಗುವ ಊರಿನ ತೂತು ಯಾವುದು

ಲೋಕದ ಪ್ಲಗ್ಗುಗಳಿಗೆ ಎ ಬಿ ಸಿ ಡಿ ಎಂದು ಅಕ್ಷರದ ಹೆಸರಿದೆ. ನಮ್ಮ ದುಂಡು ಮೂರು ಪಿನ್ನಿನ 6 ಆಂಪಿನದು ಟೈಪ್ ಡಿ. ಗೀಸರಿಗೆ ಹಾಕುವ ದಪ್ಪ 16 ಆಂಪಿನದು ಟೈಪ್ ಎಂ. ಎರಡೂ ಬ್ರಿಟಿಷರ ಹಳೇ ಮಾದರಿಗಳು. ತಮಾಷೆ ಎಂದರೆ, ಅವರು ನಮ್ಮನ್ನು ಬಿಟ್ಟುಹೋದ 1947ರಲ್ಲೇ ತಮ್ಮ ಊರಿಗೆ ಚಪ್ಪಟೆ ಪಿನ್ನಿನ ಹೊಸ ಪ್ಲಗ್ ಗೊತ್ತುಮಾಡಿಕೊಂಡರು. ಹಳೆಯದು ನಮ್ಮ ಗೋಡೆಯಲ್ಲಿ ಉಳಿಯಿತು.

ಆ ಚಪ್ಪಟೆಯ ಮೂರು ಪಿನ್ನಿನದೇ ಟೈಪ್ ಜಿ. ಬ್ರಿಟನ್, ಐರ್ಲೆಂಡ್, ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್, ದುಬೈ, ಕತಾರ್, ಒಮಾನ್, ಕುವೈತ್, ಎಲ್ಲ ಕಡೆ ಇದೇ. ನಮ್ಮ ಜಿಲ್ಲೆಯಿಂದ ಗಲ್ಫಿಗೆ ಹೋಗುವವರು ಇದೊಂದು ತಿಳಿದುಕೊಂಡರೆ ಸಾಕು. ಪ್ಲಗ್ಗಿನ ಒಳಗೇ ಫ್ಯೂಸ್ ಇರುತ್ತದೆ, ಲ್ಯಾಪ್‌ಟಾಪ್ ಕಾರ್ಡಿಗೆ 3 ಅಥವಾ 5 ಆಂಪಿನದು. ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಒಳಗಿನಿಂದ ಬಾಗಿಲಿದ್ದು, ಮೇಲಿನ ಉದ್ದ ಪಿನ್ ಹೋದರೆ ಮಾತ್ರ ತೆರೆಯುತ್ತದೆ. ಪೆನ್ನಿನ ಹಿಂಭಾಗ ತುರುಕಿ ಬಾಗಿಲು ತೆಗೆದು ಎರಡು ಪಿನ್ ಸಿಕ್ಕಿಸುವ ಬುದ್ಧಿವಂತರನ್ನು ನೋಡಿದ್ದೇನೆ. ಪಂಪ್‌ಸೆಟ್ ಮನೆಯಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ ಬರಿ ವೈರ್ ತುರುಕುವ ನಮ್ಮ ಹಳೇ ವಿದ್ಯೆಯ ತಮ್ಮನೇ ಅದು. ಬಿಟ್ಟುಬಿಡಿ.

ಅಮೆರಿಕ, ಕೆನಡಾದಲ್ಲಿ ಎರಡು ಚಪ್ಪಟೆ ಪಿನ್ನಿನ ಟೈಪ್ ಎ, ಅದಕ್ಕೆ ದುಂಡು ಅರ್ಥ್ ಪಿನ್ ಸೇರಿದ ಟೈಪ್ ಬಿ. ಎರಡು ಚಪ್ಪಟೆಗಳಲ್ಲಿ ಒಂದು ತುಸು ಅಗಲ ಇರುವುದುಂಟು. ಹೋಗುತ್ತಿಲ್ಲ ಎಂದರೆ ಒತ್ತಬೇಡಿ, ತಿರುಗಿಸಿ ಹಾಕಿ. ಜಪಾನಿನಲ್ಲಿ ಹೆಚ್ಚಿನ ಕಡೆ ಎರಡೇ ತೂತು. ಅಮೆರಿಕದ ಮೂರು ಪಿನ್ನಿನದನ್ನು ಹಿಡಿದುಕೊಂಡು ಹೋದವರು ಅಲ್ಲಿ ಪೇಚಾಡುತ್ತಾರೆ.

ಯುರೋಪಿನದು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ನಮ್ಮವರು ಮೋಸಹೋಗುವುದು ಜಾಸ್ತಿ. ಜರ್ಮನಿಯ ಟೈಪ್ ಎಫ್ ಗೋಡೆಯೊಳಗೆ ಬಾವಿಯ ಹಾಗೆ ತಗ್ಗಿಳಿದಿರುತ್ತದೆ, ಅರ್ಥಿಂಗ್ ಪಟ್ಟಿ ಎರಡು ಬದಿಗೆ ಇರುತ್ತದೆ. ಫ್ರಾನ್ಸಿನ ಟೈಪ್ ಇ ಯಲ್ಲಿ ಅರ್ಥ್ ಪಿನ್ ಸಾಕೆಟ್ಟಿನಿಂದಲೇ ಹೊರಗೆ ಚಾಚಿರುತ್ತದೆ. ನಮ್ಮ ಮೂರು ಪಿನ್ ಎರಡಕ್ಕೂ ಕೂರುವುದಿಲ್ಲ. ಮೊಬೈಲ್ ಚಾರ್ಜರಿನ ಸಣ್ಣ ಎರಡು ಪಿನ್ ಮಾತ್ರ ಒಳಗೆ ಹೋಗುತ್ತದೆ. ಅದನ್ನು ನೋಡಿ "ನಮ್ಮದೇ ಆಗುತ್ತೆ" ಎಂದು ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ಒಯ್ಯದೆ ಹೋಗುವವರಿದ್ದಾರೆ. ಮೊಬೈಲಿಗೆ ಆಗುತ್ತದೆ. ಭಾರದ ಚಾರ್ಜರ್ ಸಿಕ್ಕಿಸಿದರೆ ಜೋತುಬಿದ್ದು, ಸಡಿಲಾಗಿ, ಒಳಗೆ ಚಿಟಿಚಿಟಿ ಎನ್ನುತ್ತದೆ. ದಪ್ಪನೆಯ ಹಳೇ ಎರಡು ಪಿನ್ನಿನದು ಹೋಗುವುದೇ ಇಲ್ಲ. ಜರ್ಮನಿ, ಫ್ರಾನ್ಸ್ ಎರಡಕ್ಕೂ ಹೊಂದುವ ಒಂದೇ ಪ್ಲಗ್ಗಿನ ಕಾರ್ಡ್ ಸಿಗುತ್ತದೆ, ಬದಿಯಲ್ಲಿ ಪಟ್ಟಿ, ಮುಖದಲ್ಲಿ ಒಂದು ತೂತು. ಯುರೋಪಿಗೆ ಹೋಗುವವರಿಗೆ ಅದೇ ಸರಿ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಗೆ ಅವರದೇ ಮೂರು ಪಿನ್ನುಗಳಿವೆ, ಸಣ್ಣ ಎರಡು ಪಿನ್ ಮಾತ್ರ ಅಲ್ಲೂ ನಡೆಯುತ್ತದೆ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಓರೆಯಾಗಿ ನಿಂತ ಚಪ್ಪಟೆ ಪಿನ್ನುಗಳ ಟೈಪ್ ಐ. ನೇಪಾಳಕ್ಕೆ ಹೋಗುವವರು ಚಿಂತೆ ಮಾಡಬೇಕಿಲ್ಲ, ನಮ್ಮದೇ ನಡೆಯುತ್ತದೆ.

ಏನು ಕೊಳ್ಳುವುದು: ಬಾಲವೇ ಮೇಲು

ಈಗ ಡಬ್ಬಿಯಿಂದ ಗೋಡೆಗೆ ಹೋಗುವ ವೈರನ್ನು ಎಳೆದು ನೋಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಡಬ್ಬಿಯಿಂದ ಕಳಚಿ ಬರುತ್ತದೆ. ಕಳಚಿದ ತುದಿಯಲ್ಲಿ ಮೂರೆಲೆಯ ಹಾಗೆ ಮೂರು ತೂತು ಇದ್ದರೆ ಅದಕ್ಕೆ ಸಿ5 ಎಂದು ಹೆಸರು. ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡೇ ತೂತಿದ್ದರೆ ಸಿ7. ಈ ತುದಿಗಳು ಲೋಕಕ್ಕೆಲ್ಲ ಒಂದೇ ಅಳತೆ. ಅಂದರೆ ನಿಮ್ಮ ಡಬ್ಬಿ ಹಾಗೇ ಇರಲಿ, ಹೋಗುವ ದೇಶದ ಪ್ಲಗ್ ಇರುವ ಒಂದು ಸಿ5 ಅಥವಾ ಸಿ7 ಕಾರ್ಡ್ ಕೊಂಡುಕೊಳ್ಳಿ, ಕೆಲಸ ಮುಗಿಯಿತು. ಅರ್ಥಿಂಗ್ ಸರಿಯಾಗಿ ಸಿಗುತ್ತದೆ, ಜೋತುಬೀಳುವುದಿಲ್ಲ, ಮಧ್ಯೆ ಇನ್ನೊಂದು ಸಡಿಲು ಜೋಡಣೆ ಇಲ್ಲ. ಎರಡು ವರ್ಷ ಓದಲು ಹೋಗುವ ಮಗುವಿಗೆ ನಾನು ಹೇಳುವುದು ಇದೊಂದೇ. ಇಲ್ಲಿ ಸಿಗದಿದ್ದರೂ ಪರವಾಗಿಲ್ಲ, ಆ ಊರಿನ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ತುದಿಯ ಫೋಟೊ ತೋರಿಸಿದರೆ ಸಾಕು.

ವೈರ್ ಕಳಚದೆ ನೇರ ಗೋಡೆಗೇ ಸಿಕ್ಕಿಸುವ ಚಾರ್ಜರ್ ಆಗಿದ್ದರೆ, ಅಥವಾ ಹದಿನೈದು ದಿನದಲ್ಲಿ ನಾಲ್ಕು ದೇಶ ಸುತ್ತುವವರಾದರೆ, ಪ್ಲಗ್ ಅಡಾಪ್ಟರ್ ಬೇಕು. ಒಂದು ದೇಶದ್ದೇ ಆದ ಅಡಾಪ್ಟರ್ ಅಗ್ಗ ಮತ್ತು ಗಟ್ಟಿ. ಗುಂಡಿ ಒತ್ತಿ ಪಿನ್ ಹೊರಗೆ ತಳ್ಳುವ ಯೂನಿವರ್ಸಲ್ ಡಬ್ಬಿ ಅನುಕೂಲ, ಆದರೆ ಆರಿಸಿ ಕೊಳ್ಳಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಗಲಗಲ ಎನ್ನಬಾರದು. ಪಿನ್ ಹೊರಗೆ ತೆಗೆದ ಮೇಲೆ ಬೆರಳಲ್ಲಿ ಒತ್ತಿ, ಒಳಗೆ ಜಾರಬಾರದು. ಒಂದು ಜೋಡಿ ಹೊರಗಿರುವಾಗ ಇನ್ನೊಂದು ಜೋಡಿ ಹೊರಬರಬಾರದು. ಫ್ಯೂಸ್ ಇದೆಯೇ, ಎಷ್ಟು ಆಂಪ್ ಎಂದು ಬರೆದಿದೆಯೇ ನೋಡಿ. ನಮ್ಮ ದುಂಡು ಮೂರು ಪಿನ್ ಅದರೊಳಗೆ ಹೋಗುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಇದನ್ನು ಮರೆತು ವಿಮಾನ ಹತ್ತಿದವರ ಫೋನ್ ನನಗೆ ರಾತ್ರಿ ಬಂದಿದೆ.

ಇಂಥ ಡಬ್ಬಿಗಳಲ್ಲಿ ಬಹುಪಾಲಿನವು ಅರ್ಥಿಂಗನ್ನು ಆಚೆ ದಾಟಿಸುವುದಿಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜಿಗೆ ಹಾಕಿದಾಗ ಮುಂಗೈ ತಾಗಿದಲ್ಲಿ ಜುಮುಜುಮು ಎನ್ನುತ್ತದೆ. ಚಾರ್ಜರಿನ ಒಳಗೆ ರೇಡಿಯೊ ಗದ್ದಲ ತಡೆಯಲು ಇಟ್ಟ ಸಣ್ಣ ಕೆಪಾಸಿಟರಿನಿಂದ ಸೋರುವ ಕರೆಂಟು ಅದು. ಚಾರ್ಜರ್ ಒಳ್ಳೆಯ ಕಂಪನಿಯದಾದರೆ ಪ್ರಾಣಕ್ಕೆ ಅಪಾಯವಿಲ್ಲ, ಕಿರಿಕಿರಿ ಅಷ್ಟೇ. ಆದರೆ ಜುಮ್ಮೆನ್ನುವುದನ್ನು ಬಿಟ್ಟು ಸರಿಯಾಗಿ ಹೊಡೆದರೆ ಆ ಚಾರ್ಜರ್ ಅಂದೇ ಬಿಸಾಡಿ.

ನಿಮ್ಮದು ಯುಎಸ್‌ಬಿ-ಸಿ ಚಾರ್ಜರಿನ ಲ್ಯಾಪ್‌ಟಾಪ್ ಆದರೆ ಹಾದಿ ಇನ್ನೂ ಸುಲಭ. ಯುರೋಪಿಯನ್ ಒಕ್ಕೂಟ ಮೊಬೈಲ್‌ಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಈ ತೂತನ್ನೇ ಕಡ್ಡಾಯ ಮಾಡಿದೆ. ಒಂದೇ ಚಾರ್ಜರಿನಲ್ಲಿ ಲ್ಯಾಪ್‌ಟಾಪ್, ಮೊಬೈಲ್ ಎರಡೂ ನಡೆಯುತ್ತದೆ. ಎರಡು ಎಚ್ಚರ. ಮೊಬೈಲ್ ಜೊತೆ ಬಂದ 65 ವ್ಯಾಟಿನ ಚಾರ್ಜರ್ ಲ್ಯಾಪ್‌ಟಾಪಿಗೂ 65 ಕೊಡುತ್ತದೆಂದು ನಂಬಬೇಡಿ, ಕೆಲವು ಕಂಪನಿಗಳದು ತಮ್ಮ ಫೋನಿಗೆ ಮಾತ್ರ ಪೂರ್ತಿ ಕೊಡುತ್ತದೆ. ಔಟ್‌ಪುಟ್ ಸಾಲಿನಲ್ಲಿ 20 ವೋಲ್ಟ್ ಮತ್ತು ಪಿಡಿ (ಪವರ್ ಡೆಲಿವರಿ) ಎಂದು ಇರಬೇಕು. ಕೇಬಲ್ಲಿಗೂ ಮಿತಿಯಿದೆ: ಸಾಧಾರಣದ್ದು 60 ವ್ಯಾಟ್ ತನಕ, ಅದಕ್ಕಿಂತ ಜಾಸ್ತಿ ಬೇಕಾದರೆ 100 ಅಥವಾ 240 ಎಂದು ಬರೆದ ಕೇಬಲ್ ಬೇಕು.

ಇನ್ನೊಂದು ಉಪಾಯ. ಮನೆಯ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್ ಜೊತೆಗಿಟ್ಟುಕೊಳ್ಳಿ. ಅದರ ಒಂದು ಪ್ಲಗ್ಗಿಗೆ ಒಂದು ಅಡಾಪ್ಟರ್ ಸಾಕು, ಗಂಡ ಹೆಂಡತಿ ಇಬ್ಬರ ಫೋನು, ಲ್ಯಾಪ್‌ಟಾಪು, ಕ್ಯಾಮೆರಾ ಎಲ್ಲ ನಮ್ಮ ಪಿನ್ನಿನಲ್ಲೇ ಕೂರುತ್ತವೆ. ಚಾರ್ಜರ್‌ಗಳಿಗೆ ಮಾತ್ರ, ಇಸ್ತ್ರಿಪೆಟ್ಟಿಗೆ ಹಾಕುವುದಕ್ಕಲ್ಲ.

ಹೊರಡುವ ವಾರದ ಪರೀಕ್ಷೆ

ಕೊಂಡದ್ದನ್ನು ಪೆಟ್ಟಿಗೆಗೆ ತುಂಬುವ ಮುಂಚೆ ಮನೆಯಲ್ಲೇ ಒಂದು ಗಂಟೆ ಓಡಿಸಿ. ಬ್ಯಾಟರಿ ಇಪ್ಪತ್ತಕ್ಕೆ ಇಳಿದಿರುವಾಗ ಚಾರ್ಜಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ವಿಡಿಯೊ ಹಚ್ಚಿ ಬಿಡಿ. ಗಂಟೆಯ ನಂತರ ಮುಟ್ಟಿ ನೋಡಿ. ಚಾರ್ಜರ್ ಡಬ್ಬಿ ಬೆಚ್ಚಗಿದ್ದರೆ ಸರಿ. ಪ್ಲಗ್ ಅಡಾಪ್ಟರ್ ಮಾತ್ರ ತಣ್ಣಗೇ ಇರಬೇಕು, ಯಾಕೆಂದರೆ ಅದರೊಳಗೆ ಬರೀ ತಗಡಿನ ಸಂಪರ್ಕ ಬಿಟ್ಟರೆ ಏನಿಲ್ಲ. ಬಿಸಿಯಾಯಿತೆಂದರೆ ಸಂಪರ್ಕ ಸಡಿಲ, ವಾಪಸ್ ಕೊಡಿ. ಯುಎಸ್‌ಬಿ ತೂತುಗಳಿರುವ ಅಡಾಪ್ಟರ್ ಆದರೆ ಆ ತೂತು ಬಳಸುವಾಗ ತುಸು ಬೆಚ್ಚಗಾಗುವುದು ಸಹಜ.

ಚಾರ್ಜರ್ ಕೈಚೀಲದಲ್ಲೇ ಇರಲಿ. ಪವರ್ ಬ್ಯಾಂಕ್ ಅಂತೂ ಲಗೇಜಿಗೆ ಹಾಕುವಂತೆಯೇ ಇಲ್ಲ, ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಅವರ್ ತನಕ ಕೇಳುವವರಿಲ್ಲ, 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೀರಿದ್ದು ನಿಷಿದ್ಧ. ಲೆಕ್ಕ ಹಾಕುವುದು ಹೀಗೆ: 20,000 ಎಂಎಎಚ್ ಇದ್ದರೆ 20 ಇಂಟು 3.7, ಅಂದರೆ 74 ವ್ಯಾಟ್-ಅವರ್. ಮೈಮೇಲೆ ಅಂಕಿ ಅಳಿಸಿಹೋದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ಇಟ್ಟುಕೊಳ್ಳುತ್ತಾರೆ, ಮನೆಯಲ್ಲೇ ಬಿಡಿ. 2025ರಿಂದೀಚೆಗೆ ಕೆಲವು ವಿಮಾನ ಕಂಪನಿಗಳು ಹಾರಾಟದ ನಡುವೆ ಪವರ್ ಬ್ಯಾಂಕ್ ಬಳಸುವುದನ್ನೂ ನಿಲ್ಲಿಸಿವೆ. ಸೋಗಾನೆಯ ನಮ್ಮ ಕುವೆಂಪು ವಿಮಾನ ನಿಲ್ದಾಣದಿಂದ ಹೊರಟರೂ, ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಹತ್ತಿದರೂ ಇದೇ ನಿಯಮ.

ವಿಮಾನದ ಸೀಟಿನಡಿ ಸಾಕೆಟ್ ಇದ್ದರೆ ಅದು ಹೆಚ್ಚಾಗಿ 110 ವೋಲ್ಟಿನದು, ಹಲವು ಪಿನ್ ಹೋಗುವಂಥದ್ದು. ಶಕ್ತಿ ಕಡಿಮೆ, ಬಹಳ ಕಡೆ ಸೀಟಿಗೆ ಸುಮಾರು 75 ವ್ಯಾಟ್. ಗೇಮಿಂಗ್ ಲ್ಯಾಪ್‌ಟಾಪಿನ ದೊಡ್ಡ ಚಾರ್ಜರ್ ಹಾಕಿದರೆ ಸಾಕೆಟ್ ತಾನಾಗಿಯೇ ಆಫ್ ಆಗುತ್ತದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಚಾರ್ಜ್ ಮಾಡಿದರೆ ಕೆಲವೊಮ್ಮೆ ಒಪ್ಪಿಕೊಳ್ಳುತ್ತದೆ.

ಆ ಊರಿನ ಕೋಣೆಯಲ್ಲಿ

ಮೊದಲು ಎಲ್ಲ ಜೋಡಣೆ ಮುಗಿಸಿ, ಕೊನೆಗೆ ಗೋಡೆಗೆ ಹಾಕಿ. ಅಮೆರಿಕ, ಯುರೋಪಿನ ಸಾಕೆಟ್ಟಿಗೆ ನಮ್ಮ ಹಾಗೆ ಸ್ವಿಚ್ ಇರುವುದಿಲ್ಲ. ಸಿಕ್ಕಿಸುವಾಗ ಚಿಟ್ ಎಂದು ಸಣ್ಣ ಕಿಡಿ ಕಂಡರೆ ಬೆದರಬೇಡಿ, ಚಾರ್ಜರಿನ ಕೆಪಾಸಿಟರ್ ಒಮ್ಮೆಲೇ ತುಂಬಿಕೊಳ್ಳುವ ಕಿಡಿ. ಒಂದೇ ಏಟಿಗೆ ಗಟ್ಟಿಯಾಗಿ ಒತ್ತಿ. ಕಿಡಿ ನಿಲ್ಲದೆ ಚಿಟಿಚಿಟಿ ಎನ್ನುತ್ತಿದ್ದರೆ ಬೇರೆ ಸಾಕೆಟ್ ನೋಡಿ. ಡಬ್ಬಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಕೆಳಗೆ ಕುರ್ಚಿಯೋ ಪುಸ್ತಕವೋ ಕೊಟ್ಟು ಭಾರ ಇಳಿಸಿ. ಹಾಸಿಗೆಯ ಮೇಲೆ, ದಿಂಬಿನಡಿ ಬೇಡ.

ಚಾರ್ಜ್ ಆಗದಿದ್ದರೆ ಲ್ಯಾಪ್‌ಟಾಪ್ ಸತ್ತಿತೆಂದು ಊರಿಗೆ ಫೋನ್ ಮಾಡುವ ಮೊದಲು ಇಷ್ಟು ನೋಡಿ. ಹೋಟೆಲಾದರೆ ಬಾಗಿಲ ಪಕ್ಕದ ಗೂಡಿನಲ್ಲಿ ಕೀ ಕಾರ್ಡ್ ಇದೆಯೇ? ಅದನ್ನು ತೆಗೆದುಕೊಂಡು ಊಟಕ್ಕೆ ಹೋದರೆ ಹಲವು ಕಡೆ ಸಾಕೆಟ್ಟೂ ಬಂದ್. ಅಮೆರಿಕದ ಮನೆಯಾದರೆ ಬಾಗಿಲ ಬಳಿಯ ಲೈಟಿನ ಸ್ವಿಚ್ ಒತ್ತಿ ನೋಡಿ, ಕೋಣೆಯ ಒಂದು ಸಾಕೆಟ್ ಅದರ ಹಿಡಿತದಲ್ಲಿರುವುದು ಅಲ್ಲಿ ಸಾಮಾನ್ಯ. ರಾತ್ರಿ ಲೈಟ್ ಆರಿಸಿ ಮಲಗಿದವರ ಲ್ಯಾಪ್‌ಟಾಪ್ ಬೆಳಿಗ್ಗೆ ಖಾಲಿ. ಅಡುಗೆಮನೆ, ಬಚ್ಚಲಿನ ಸಾಕೆಟ್ಟಿನಲ್ಲಿ ಎರಡು ಪುಟ್ಟ ಗುಂಡಿಗಳಿದ್ದರೆ ರೀಸೆಟ್ ಒತ್ತಿ. ಬ್ರಿಟನ್ನಿನಲ್ಲಿ ಸಾಕೆಟ್ಟಿನ ಸ್ವಿಚ್ಚು, ಪ್ಲಗ್ಗಿನ ಫ್ಯೂಸು ನೋಡಿ. ಅಲ್ಲಿಯ ಬಚ್ಚಲಲ್ಲಿ ಶೇವರಿಗೆಂದು ಬರೆದ ಸಾಕೆಟ್ ಲ್ಯಾಪ್‌ಟಾಪಿಗೆ ಅಲ್ಲ. ಕೊನೆಗೆ ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ. ಅದು ಹತ್ತಿದರೆ ಮಾತ್ರ ತಪ್ಪು ನಿಮ್ಮ ಕಡೆಯದು.

ಮಿಕ್ಸಿ, ಕೆಟಲ್ ಕೇಳುವವರಿಗೆ

ಲ್ಯಾಪ್‌ಟಾಪಿಗೆ ಹೇಳಿದ್ದನ್ನು ಇವಕ್ಕೆ ಹಚ್ಚಬೇಡಿ. ಬಿಸಿ ಮಾಡುವ ಸಾಮಾನಿಗೆ ವೋಲ್ಟೇಜ್ ಅರ್ಧವಾದರೆ ಶಾಖ ಕಾಲುಭಾಗವಾಗುತ್ತದೆ. ನಮ್ಮ 1500 ವ್ಯಾಟಿನ ಕೆಟಲ್ ಅಮೆರಿಕದಲ್ಲಿ ಸುಮಾರು 400 ವ್ಯಾಟಿನದಾಗುತ್ತದೆ, ಕಾಫಿ ನೀರಿಗೆ ಕಾಯುತ್ತಾ ಕೂರಬೇಕು. ಮಿಕ್ಸಿಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. 750 ವ್ಯಾಟಿನ ಮಿಕ್ಸಿಗೆ ಅದರ ದುಪ್ಪಟ್ಟು ಸಾಮರ್ಥ್ಯದ್ದು ಇದ್ದರೆ ನೆಮ್ಮದಿ, ಅದರ ತೂಕವೋ ಅಕ್ಕಿ ಚೀಲ. ಅಲ್ಲೇ 120 ವೋಲ್ಟಿನ ಇಂಡಿಯನ್ ಮಿಕ್ಸಿ ಸಿಗುತ್ತದೆ, ಕೊಂಡುಕೊಳ್ಳಿ.

ತಿರುಗಾ ಬರುವಾಗ ಇದರ ಉಲ್ಟಾ ಇನ್ನೂ ಕೆಟ್ಟದು. ನಮ್ಮ ಚಿಕ್ಕಮ್ಮ ಅಮೆರಿಕದಿಂದ ತಂದ ರೈಸ್ ಕುಕ್ಕರನ್ನು ನಾನೇ ಪಿನ್ ಬದಲಾಯಿಸಿ ಹಾಕಿಕೊಟ್ಟೆ. ಚೀಟಿ ಓದಲಿಲ್ಲ, ಆಗ ಅಂಗಡಿ ಹೊಸತು, ಜಂಬ ಹಳೆಯದು. 120 ವೋಲ್ಟಿನದು 230ಕ್ಕೆ ಸಿಕ್ಕಿದರೆ ಮೂರೂವರೆ ಪಟ್ಟಿಗೂ ಮೀರಿ ಶಾಖ ಎಳೆಯುತ್ತದೆ. ಅನ್ನ ಬೇಯುವುದಿರಲಿ, ಅರ್ಧ ನಿಮಿಷಕ್ಕೆ ಬುಡದಿಂದ ಹೊಗೆ. ಅಮೆರಿಕದ ಸ್ಪೈಕ್ ಬಸ್ಟರ್ ಬೋರ್ಡನ್ನೂ ತರಬೇಡಿ. 120ಕ್ಕೆಂದು ಮಾಡಿದ ಅದರ ರಕ್ಷಣೆಯ ಬಿಲ್ಲೆ ನಮ್ಮ 230 ಕಂಡ ಕೂಡಲೇ ಸಿಡಿಲೇ ಬಡಿಯಿತೆಂದು ತಿಳಿದು ಸುಟ್ಟುಕೊಳ್ಳುತ್ತದೆ.

ಅಲ್ಲಿ ಕೊಂಡ ಲ್ಯಾಪ್‌ಟಾಪನ್ನು ಮಾತ್ರ ಧೈರ್ಯವಾಗಿ ತನ್ನಿ. ಇಲ್ಲಿ ಐಎಸ್‌ಐ ಗುರುತಿನ ಮೂರು ಪಿನ್ನಿನ ಸಿ5 ಕಾರ್ಡ್ ಹಾಕಿಕೊಂಡರೆ ಮುಗಿಯಿತು. ನಮ್ಮ ಗುಡುಗು ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪಿನ್ನೇ ಕೀಳಬೇಕು. ಎರಡು ವರ್ಷ ಡಬ್ಲಿನ್ನಿನಲ್ಲಿದ್ದು ಬಂದ ಹುಡುಗರಿಗೆ ಈ ಅಭ್ಯಾಸ ತಪ್ಪಿಹೋಗಿರುತ್ತದೆ.

ಆ ಊರಿನ ಕಾರ್ಡ್ ಬಿಸಾಡಬೇಡಿ. ನನ್ನ ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಹಾಗೆ ಬಂದು ಸೇರಿದ ಟೈಪ್ ಜಿ ನಾಲ್ಕು, ಜರ್ಮನಿಯದು ಎರಡು, ಅಮೆರಿಕದ್ದು ಒಂದು ಹಿಡಿ ಇವೆ. ಹೊರಟವರು ಒಯ್ಯುತ್ತಾರೆ, ಬಂದವರು ಹಾಕಿ ಹೋಗುತ್ತಾರೆ. ಆಸ್ಟ್ರೇಲಿಯಾದ್ದು ಮಾತ್ರ ಒಂದೂ ಇಲ್ಲ, ಹೋದವರು ಯಾರೂ ಇನ್ನೂ ವಾಪಸ್ ಬಂದಿಲ್ಲ.